ಎರೆಯ ಮೌನವೂ ನಮ್ಮವರ ತೀರ್ಪೂ

ನಮ್ಮ ಸೀಮೆಯ ಪ್ರಾಚೀನತೆಯ ಮಾತು ಬಂದಾಗಲೆಲ್ಲ ವಿದ್ಯಾವಂತರ ಬಾಯಲ್ಲಿ ಒಂದು ತೀರ್ಪು ಸಿದ್ಧವಾಗಿಯೇ ಇರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಉಂಟು. ಅದಕ್ಕೂ ಹಿಂದಿನದು ಹೇಳಿಕೊಳ್ಳತಕ್ಕಷ್ಟು ಏನೂ ಇಲ್ಲ. ಆದಿಮಾನವನನ್ನು ಕಾಣಬೇಕೆಂಬವರು ಸುರಪುರದ ಕಡೆಯ ಹುಣಸಗಿಗೆ ಹೋಗಲಿ, ಅಶೋಕನ ಕಾಲ ಬೇಕೆಂಬವರು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಲಿ! ಹೀಗೆ ಹೇಳುವ ಮಹನೀಯರು ಪುರಾತತ್ತ್ವದ ಭೂಪಟವನ್ನು ಬಿಚ್ಚಿ ಚುಕ್ಕೆಗಳನ್ನೆಣಿಸುತ್ತಾರೆ. ಚುಕ್ಕೆಯಿದ್ದಲ್ಲಿ ಮನುಷ್ಯನಿದ್ದನು, ಚುಕ್ಕೆಯಿಲ್ಲದಲ್ಲಿ ಇರಲಿಲ್ಲ ಎಂಬುದು ಅವರ ತರ್ಕ. ಆ ಚುಕ್ಕೆಗಳು ಬಿದ್ದ ನೆಲ ಎಂಥದು, ಬೀಳದ ನೆಲ ಎಂಥದು ಎಂಬುದನ್ನು ಮಾತ್ರ ಅವರು ಕೇಳಿದವರಲ್ಲ. ಈ ತರ್ಕವು ಬುಡದಲ್ಲಿಯೇ ಕೆಟ್ಟದ್ದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲವನ್ನೇ ನೋಡೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಪ್ಪುಕಲ್ಲು ಆಳಂದ ಮತ್ತು ಅಫಜಲಪುರಗಳ ತಳಹದಿ. ಆ ಕಲ್ಲು ಶಿಥಿಲವಾಗಿ ಹುಟ್ಟಿದುದೇ ನಮ್ಮ ಎರೆಮಣ್ಣು. ಜೇವರ್ಗಿಯ ಕಡೆಗೆ ಬಂದಂತೆ ಸುಣ್ಣಕಲ್ಲಿನ ಪದರಗಳು ತಲೆಯೆತ್ತುತ್ತವೆ. ಇನ್ನೂ ತೆಂಕಣಕ್ಕೆ ಸರಿದರೆ ಬೆಣಚುಕಲ್ಲಿನ ಗುಡ್ಡಗಳು. ಭೂಪಟದಲ್ಲಿ ಚುಕ್ಕೆಗಳು ಎಲ್ಲಿಂದ ದಟ್ಟವಾಗತೊಡಗುವುವೋ ಲಕ್ಷ್ಯಗೊಟ್ಟು ನೋಡಿರಿ. ಎರೆ ತೆಳುವಾಗಿ, ಹಳ್ಳಕೊಳ್ಳಗಳು ನೆಲವನ್ನು ಕೊರೆದು, ಕಲ್ಲು ಬಯಲಾಗುವ ಕಡೆಯಿಂದಲೇ!

ಎರೆಯ ನಡತೆಯನ್ನು ಒಕ್ಕಲಿಗನು ಬಲ್ಲನು, ಚರಿತ್ರಕಾರನೂ ಬಲ್ಲವನಾಗಬೇಕು. ಈ ಮಣ್ಣಿನಲ್ಲಿ ಜಿಗುಟಾದ ಜೇಡಿಯ ಅಂಶವೇ ಬಹಳ. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಅದರ ಹುಟ್ಟುಗುಣ. ಜೋಳದ ಸುಗ್ಗಿ ಮುಗಿದು ಬಿಸಿಲೇರಿತೆಂದರೆ ಹೊಲದ ತುಂಬ ಬಿರುಕು. ಒಂದು ಮೀಟರಿನ ಆಳಕ್ಕೆ, ಕೆಲವೆಡೆ ಅದಕ್ಕೂ ಕೆಳಕ್ಕೆ ಇಳಿದ ಬಿರುಕುಗಳುಂಟು. ಮೇಲಿದ್ದ ಬಳೆಚೂರು, ಮಡಕೆಯ ಬೋಕಿ, ಹೆಂಟೆ ಎಲ್ಲವೂ ಅದರೊಳಕ್ಕೆ ಉರುಳುವುವು. ಮಳೆ ಬಿದ್ದೊಡನೆ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ. ಒಳಕ್ಕೆ ಬಿದ್ದುದಕ್ಕೂ ಸ್ಥಳ ಬೇಕಷ್ಟೆ. ಆದುದರಿಂದ ಕೆಳಗಣ ಮಣ್ಣು ಪಕ್ಕಕ್ಕೂ ಮೇಲಕ್ಕೂ ಒತ್ತಲ್ಪಡುತ್ತದೆ, ಅದರೊಡನೆ ದಪ್ಪ ಕಲ್ಲುಗಳೂ ಮೇಲೇರುತ್ತವೆ. ಆರಿಸಿ ಬದುವಿಗೆ ಹಾಕಿದಷ್ಟೂ ಹೊಲದಲ್ಲಿ ಮತ್ತೆ ಕಲ್ಲು ಕಾಣಿಸಿಕೊಳ್ಳುವುದರ ಒಂದು ಗುಟ್ಟು ಇದು. ಈ ಕಡೆಯುವಿಕೆ ವರ್ಷಕ್ಕೊಮ್ಮೆಯಂತೆ ಸಾವಿರಾರು ವರ್ಷ ನಡೆದ ನೆಲದಲ್ಲಿ ಮೇಲಿನದು ಈಚಿನದು, ಕೆಳಗಿನದು ಹಳೆಯದು ಎಂಬ ಪಾಠಶಾಲೆಯ ನಿಯಮ ಎಷ್ಟರಮಟ್ಟಿಗೆ ನಿಂತೀತು?

ಕಂಡುದನ್ನು ಕಲಸುವುದು ಎರೆಯ ಒಂದು ಗುಣವಾದರೆ ಮುಚ್ಚುವುದು ಇನ್ನೊಂದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹಲವು ದಶಕ ದುಡಿದು ಹುಣಸಗಿ–ಬೈಚಬಾಳ ಕಣಿವೆಗಳಿಗೆ ಲೋಕಪ್ರಸಿದ್ಧಿಯನ್ನು ತಂದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದ ನೆಲೆ ದೊರೆಯಿತು. ಅದರ ಪ್ರಾಯ ಸುಮಾರು 12 ಲಕ್ಷ ವರ್ಷವೆಂದು ಲೆಕ್ಕ ಹಾಕಿದ್ದಾರೆ. ಆದರೆ ಆ ನೆಲೆ ಬಯಲಾದುದು ಹೇಗೆ? ನೀರಾವರಿಯ ಕಾಮಗಾರಿಗೆಂದು ಮೇಲಣ ಮಣ್ಣನ್ನು ತೆಗೆದುದರಿಂದ! ಆ ಮಣ್ಣನ್ನು ಯಾರೂ ಮುಟ್ಟದಿದ್ದಲ್ಲಿ ಇಸಾಂಪುರವೂ ಇಂದು ಭೂಪಟದಲ್ಲಿ ಬರಿದಾಗಿಯೇ ಇರುತ್ತಿತ್ತು. ನಮ್ಮ ಮಹನೀಯರು ಅಲ್ಲಿಯೂ ಏನೂ ಇಲ್ಲವೆಂದೇ ಬರೆಯುತ್ತಿದ್ದರು. ಸನ್ನತಿಯ ಕಥೆ ಇನ್ನೊಂದು ಬಗೆಯದು. ಕಪಟರಾಳ ಕೃಷ್ಣರಾಯರು 1954ರಲ್ಲಿ ಆ ಊರಿನತ್ತ ವಿದ್ವಾಂಸರ ದೃಷ್ಟಿಯನ್ನು ಸೆಳೆದ ಮೇಲೆಯೂ ಅಶೋಕನ ಶಾಸನ ಯಾರಿಗೂ ಕಾಣಲಿಲ್ಲ. 1986ರಲ್ಲಿ ಚಂದ್ರಲಾಂಬೆಯ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಆ ಬಳಿಕವೇ ವಿಗ್ರಹದ ಪೀಠವಾಗಿದ್ದ ಕಲ್ಲು ತನ್ನ ಬ್ರಾಹ್ಮೀ ಅಕ್ಷರಗಳನ್ನು ತೋರಿತು. ಹತ್ತಿರದ ಕನಗನಹಳ್ಳಿಯ ಮಹಾಸ್ತೂಪದ ಶಿಲಾಫಲಕಗಳೂ, ಅಶೋಕನ ಹೆಸರನ್ನು ಹೊತ್ತ ಆತನ ಶಿಲ್ಪವೂ 1994ರ ಈಚಿನ ಉತ್ಖನನದವರೆಗೆ ಮಣ್ಣಿನೊಳಗಿದ್ದುವು. ಎರಡು ಸಹಸ್ರ ವರ್ಷ ಮಣ್ಣು ಕಾಪಾಡಿದುದನ್ನು ಕಾಣದವರು ಇಲ್ಲವೆಂದಿದ್ದರೆ ಅದು ಯಾರ ಕೊರತೆ?

ಇಲ್ಲೊಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ಏಕೆಂದರೆ ಅದು ಬಲವಾದದ್ದು. ಎರೆಭೂಮಿ ಭಾರವಾದುದು, ಕಬ್ಬಿಣದ ಗುಳವಿಲ್ಲದ ಕಾಲದಲ್ಲಿ ಅದನ್ನು ಉಳುವುದು ಕಷ್ಟ, ಬೇಸಿಗೆಯಲ್ಲಿ ನೀರೂ ದೂರ, ಆದುದರಿಂದ ಹಳಬರು ನಿಜವಾಗಿಯೇ ಇಲ್ಲಿ ನೆಲಸಲಿಲ್ಲ ಎನ್ನುತ್ತಾರೆ. ಕೆಲವು ಎಡೆಗಳಿಗೆ ಈ ಮಾತು ಸಲ್ಲಬಹುದು. ಆದರೆ ಭೀಮೆಯ ಉಪನದಿಯಾದ ಘೋಡದ ದಂಡೆಯಲ್ಲಿ, ಪುಣೆ ಜಿಲ್ಲೆಯ ಇನಾಮಗಾಂವಿನಲ್ಲಿ, 1968ರಿಂದ ಮೊದಲ್ಗೊಂಡು ಹಲವು ವರ್ಷ ಅಗೆದಾಗ ತಾಮ್ರಶಿಲಾಯುಗದ ನೂರಕ್ಕೂ ಮೇಲ್ಪಟ್ಟ ಮನೆಗಳ ನೆಲೆಗಟ್ಟುಗಳು ಹೊರಬಿದ್ದುವು. ಅದೂ ಎರೆಯ ಸೀಮೆಯೇ. ಭೀಮೆಯ ನೀರನ್ನು ಮೇಲುಗಡೆ ಕುಡಿದು ಬಾಳಿದ ಒಕ್ಕಲುತನ ಕೆಳಗಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲವೆಂದು ನಿರ್ಣಯಿಸುವುದಕ್ಕೆ ಮುನ್ನ ಇಲ್ಲಿಯೂ ಅಷ್ಟೇ ಶ್ರದ್ಧೆಯಿಂದ ಅಗೆದು ನೋಡಬೇಡವೇ?

ನದಿಯ ಕೆಲಸ ಬೇರೆ. ಅಫಜಲಪುರ ಜೇವರ್ಗಿಗಳಲ್ಲಿ ಭೀಮೆ ನೆಟ್ಟಗೆ ಹರಿಯುವವಳಲ್ಲ. ಬಾಗಿನ ಹೊರಮೈಯಲ್ಲಿ ದಂಡೆಯನ್ನು ಕೊರೆದು ನುಂಗುತ್ತಾಳೆ, ಒಳಮೈಯಲ್ಲಿ ರೇವೆಯನ್ನು ಹಾಸುತ್ತಾಳೆ. ಅಮರ್ಜೆ ಬಂದು ಕೂಡುವ ಗಾಣಗಾಪುರದಂಥ ಸಂಗಮಗಳಲ್ಲಿ ಈ ಎರಡೂ ಒಟ್ಟಿಗೇ ನಡೆಯುವುವು. 2020ರ ಅಕ್ಟೋಬರಿನ ಮಹಾಪೂರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಬಾಗಿನಲ್ಲಿದ್ದ ಹಳೆಯ ಊರು ನೀರುಪಾಲು. ಒಳಬಾಗಿನಲ್ಲಿದ್ದುದು ರೇವೆಯ ಪಾಲು. ಇನ್ನು ಸೊನ್ನದ ಅಣೆಯ ಹಿಂದೆಯೂ ಕೋರಳ್ಳಿಯ ಜಲಾಶಯದೊಳಗೂ ನೀರು ನಿಂತ ನೆಲದಲ್ಲಿ ಯಾರು ಹೋಗಿ ಬೋಕಿಗಳನ್ನಾರಿಸುತ್ತಾರೆ?

ಇಷ್ಟಾದರೂ ಪ್ರಕೃತಿಯ ಮೇಲೆ ಎಲ್ಲ ದೋಷವನ್ನೂ ಹೊರಿಸಲಾಗದು. ಹಾಳೂರಿನ ದಿನ್ನೆಗಳ ಗತಿಯನ್ನು ನೋಡಿರಿ. ತಲೆಮಾರುಗಳ ಬೂದಿ, ಸಗಣಿ, ಬಿದ್ದ ಗೋಡೆಯ ಮಣ್ಣು ಕೂಡಿ ಬೆಳ್ಳಗಾದ ಆ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ಹಿಂದೆ ಬಂಡಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದುದು ಈಗ ಯಂತ್ರದ ಬಾಯಿಗೆ ಸಿಕ್ಕಿ ಟ್ರ್ಯಾಕ್ಟರುಗಳಲ್ಲಿ ಹೋಗುತ್ತದೆ. ಬಡ ಒಕ್ಕಲಿಗನನ್ನು ನಾನು ದೂರುವವನಲ್ಲ. ಅದು ಚರಿತ್ರೆಯೆಂದು ಅವನಿಗೆ ಹೇಳಿದವರಾರು? ಆದರೆ ಪರಿಣಾಮವನ್ನು ಗಮನಿಸಿರಿ: ದಿನ್ನೆಯಿದ್ದಲ್ಲಿ ಊರಿನ ಗುರುತಿಲ್ಲ, ಊರೇ ಇಲ್ಲದ ಹೊಲಗಳಲ್ಲಿ ಗೊಬ್ಬರದೊಡನೆ ಹೋದ ಬೋಕಿಗಳು ಚೆಲ್ಲಿಕೊಂಡಿವೆ. ಹವ್ಯಾಸಿ ಸಂಶೋಧಕನೊಬ್ಬನು ಅವನ್ನು ಆರಿಸಿ ಅಲ್ಲೊಂದು ನಗರವಿತ್ತೆಂದು ಬರೆದರೆ ಅದೂ ಕೂಡ ಮೊದಲಿನವರ ತೀರ್ಪಿನಷ್ಟೇ ಪೊಳ್ಳು. ಒಬ್ಬರು ಎರೆಯ ಮೌನಕ್ಕೆ ಮೋಸ ಹೋದರು, ಇನ್ನೊಬ್ಬರು ಅದರ ಮಾತಿಗೆ.

ಮಣ್ಣನ್ನು ಪದರ ಪದರವಾಗಿ ಓದುವ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನು 19ನೆಯ ಶತಮಾನದ ನಡುಭಾಗದಲ್ಲಿ ಭೀಮಾತೀರದ ಫಿರೋಜಾಬಾದಿಗೆ ಸಮೀಪದ ಇದೇ ಜೇವರ್ಗಿಯಲ್ಲಿ ಬೃಹತ್ ಶಿಲಾಸಮಾಧಿಗಳನ್ನು ಅಗೆಯಿಸಿ, ಸೀಳಿದ ಮೈಯಲ್ಲಿ ಕಂಡ ಕಲ್ಲು ಮಣ್ಣುಗಳ ವಿನ್ಯಾಸವನ್ನು ಚಿತ್ರಿಸಿಟ್ಟನು. ನೂರು ವರ್ಷಗಳ ತರುವಾಯ ಮಾರ್ಟಿಮರ್ ವ್ಹೀಲರನಂಥ ಕಟುವಿಮರ್ಶಕನೂ ಆ ಚಿತ್ರಗಳನ್ನು ಮೆಚ್ಚಿದನು. ಮೂರು ತಾಲ್ಲೂಕುಗಳ ಪೈಕಿ ಜೇವರ್ಗಿಯ ಹೆಸರು ವಿದ್ವಲ್ಲೋಕಕ್ಕೆ ಅಷ್ಟು ಹಿಂದೆಯೇ ತಲಪಿದುದಕ್ಕೆ ಕಾರಣ ಅಲ್ಲಿಯ ಸಮಾಧಿಗಳ ಕಲ್ಲುಗಳು ನೆಲದ ಮೇಲೆ ಕಾಣುತ್ತಿದ್ದುದು. ಕಾಣದವುಗಳ ಸರದಿ ಇನ್ನೂ ಬಂದಿಲ್ಲ.

ಅಗೆಯಲು ಹಣವೆಲ್ಲಿ, ಅಪ್ಪಣೆಯೆಲ್ಲಿ ಎನ್ನುವವರಿಗೆ ನನ್ನದೊಂದು ಸೂಚನೆಯಿದೆ. ಕೃಷಿಭಾಗ್ಯದ ಯೋಜನೆ ಬಂದ 2014ರಿಂದೀಚೆಗೆ ಎರೆಹೊಲಗಳಲ್ಲಿ ಕೃಷಿಹೊಂಡಗಳನ್ನು ತೋಡಿದ್ದಾರೆ. ಬಾವಿಗಳನ್ನೂ ಕಾಲುವೆಗಳನ್ನೂ ತೋಡುತ್ತಲೇ ಇದ್ದಾರೆ. ಹೊಸದಾಗಿ ತೋಡಿದ ಹೊಂಡದ ನಾಲ್ಕು ಮೈಗಳೂ ಬೇರೆಯವರ ಖರ್ಚಿನಲ್ಲಿ ನಮಗೆ ತೆರೆದಿಟ್ಟ ಪುಸ್ತಕದ ಪುಟಗಳು. ಹಾಸು ಹೊದಿಸಿ ನೀರು ತುಂಬಿದರೆ ಮುಚ್ಚಿಹೋಗುತ್ತವೆ. ಸಂಘದ ಸದಸ್ಯರಲ್ಲಿ ಊರೂರುಗಳ ಉಪಾಧ್ಯಾಯರಿದ್ದಾರೆ. ಹೊಂಡ ತೋಡುವ ವಾರದಲ್ಲಿ ಯಜಮಾನನನ್ನು ಕೇಳಿಕೊಂಡು ಹೋಗಿ ನೋಡಲಿ: ಎರೆ ಎಷ್ಟು ದಪ್ಪ, ಅದರಡಿ ಸುಣ್ಣದ ಹರಳೋ ಗರಸೋ ರೇವೆಯೋ, ಬೂದಿಯ ಗೆರೆಯುಂಟೋ, ಬೋಕಿ ಕಂಡರೆ ಯಾವ ಆಳದಲ್ಲಿ. ಅಗೆಯದೆ, ಕೀಳದೆ, ಅಳೆದು ಬರೆದು ಚಿತ್ರ ತೆಗೆದು ತರಲಿ. ಮಹತ್ತ್ವದ್ದೆಂದು ತೋರಿದರೆ ಪುರಾತತ್ತ್ವ ಇಲಾಖೆಗೆ ತಿಳಿಸೋಣ. ಏನೂ ಕಾಣದಿದ್ದರೆ ಅದನ್ನೂ ಬರೆಯಲಿ, ಎಷ್ಟು ಆಳದವರೆಗೆ ನೋಡಿ ಏನೂ ಕಾಣಲಿಲ್ಲವೆಂಬುದರೊಡನೆ. ಊರು, ಹೊಲ, ಆಳ, ಮಣ್ಣು ಈ ನಾಲ್ಕು ವಿವರಗಳಿಲ್ಲದೆ ತಂದುಕೊಟ್ಟ ಯಾವ ಬೋಕಿಯನ್ನೂ ಸಂಘದ ಕಪಾಟಿನಲ್ಲಿ ಇಟ್ಟುಕೊಳ್ಳಕೂಡದೆಂದು ಮುಂದಿನ ಸಭೆಯಲ್ಲಿ ನಾನು ಸೂಚನೆ ತರುವವನಿದ್ದೇನೆ; ವಿರೋಧಿಸುವವರು ಕಾರಣಗಳನ್ನು ಸಿದ್ಧಮಾಡಿಕೊಂಡು ಬರಲಿ.