ಕಟ್ಟಿಕೊಂಡು ಹೋಗಲಾಗದ ತಿಂಡಿ

ಕೊಲ್ಲಿ ನಾಡುಗಳಿಗೆ ಹೊರಟವರ ಪೆಟ್ಟಿಗೆಯೊಳಗೆ ಏನೇನಿರುತ್ತದೆಂಬುದು ನಮ್ಮ ಜಿಲ್ಲೆಯ ಮನೆಮನೆಗೂ ತಿಳಿದ ಸಂಗತಿ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಸೋಂಟೆ, ಒಂದಿಷ್ಟು ಕುಚ್ಚಲಕ್ಕಿ - ಇವೆಲ್ಲ ವಿಮಾನ ಹತ್ತುತ್ತವೆ. ಆದರೆ ಮಂಗಳೂರಿಗೆ ಹೋದಾಗಲೆಲ್ಲ ಮಕ್ಕಳು ಹಟ ಹಿಡಿದು ತಿನ್ನುವ ಗಡ್‌ಬಡ್ ಐಸ್‌ಕ್ರೀಂ ಮಾತ್ರ ವಿಮಾನ ಹತ್ತುವುದಿಲ್ಲ. ಅದು ಕರಗುವ ತಿಂಡಿ. ಆದುದರಿಂದಲೇ ದೂರದಲ್ಲಿರುವ ನಮ್ಮವರಿಗೆ ಊರಿನ ತಿಂಡಿಗಳಲ್ಲೆಲ್ಲ ಇದರ ಹಂಬಲ ಒಂದು ಕೈ ಹೆಚ್ಚು.

ಐಸ್‌ಕ್ರೀಮಿನಂತಹ ಬಾಯಿಚಪಲದ ವಸ್ತುವಿಗೆ ಪತ್ರಿಕೆಯಲ್ಲಿ ಜಾಗ ಬೇಕೆ ಎಂದು ಕೇಳುವವರಿರಬಹುದು. ಬೇಕು ಎಂದೇ ನಮ್ಮ ಅಭಿಪ್ರಾಯ. ಕಟ್ಟಿಕೊಡಬಹುದಾದ ತಿಂಡಿಯನ್ನು ಊರಿನಲ್ಲಿರುವ ಅಮ್ಮನೋ ಅಜ್ಜಿಯೋ ಮಾಡಿ ಕಳುಹಿಸಿದರೆ ಸಾಕು. ಕಟ್ಟಿಕೊಡಲಾಗದ್ದನ್ನು ಹೋದವರೇ ಕಲಿತು ಮಾಡಬೇಕು. ಕಲಿಯದಿದ್ದಲ್ಲಿ ಅದು ಒಂದು ತಲೆಮಾರಿನೊಳಗೆ ಬರಿಯ ನೆನಪಾಗಿ ಉಳಿಯುತ್ತದೆ. ಮುಂದಿನ ತಲೆಮಾರಿಗೆ ಆ ನೆನಪೂ ಇರುವುದಿಲ್ಲ.

ನಮ್ಮ ಕರಾವಳಿಯ ತಂಪು ತಿಂಡಿಗಳು ರಾಜಮಹಲುಗಳಲ್ಲಿ ಹುಟ್ಟಿದವುಗಳಲ್ಲ. ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲೆಂದು ಪ್ರತೀತಿ. ಗಿರಾಕಿಗಳ ಅವಸರಕ್ಕೆ ಕೈಗೆ ಸಿಕ್ಕ ಎರಡು ಮೂರು ಬಗೆಯ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿಗಳನ್ನು ಒಂದೇ ಗ್ಲಾಸಿಗೆ ತುಂಬಿ ಕೊಟ್ಟರಂತೆ. ಆ ಗಡಿಬಿಡಿಯೇ ತಿಂಡಿಯ ಹೆಸರಾಯಿತು. ಮಂಗಳೂರಿನಲ್ಲಿ ಪ್ರಭಾಕರ ಕಾಮತರು 1975ರಲ್ಲಿ ಐಡಿಯಲ್ ಐಸ್‌ಕ್ರೀಂ ಆರಂಭಿಸಿದ ಮೇಲೆ ಗಡಿಯ ಈಚೆಗಿನ ನಮಗೂ ಅದು ಮನೆಮಾತಾಯಿತು. ಮೂಲ್ಕಿಯಲ್ಲಿ ಹಣ್ಣಿನ ವ್ಯಾಪಾರಿಯ ಮಗನಾಗಿ ಹುಟ್ಟಿದ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಅಂಗಡಿ ತೆರೆದರು. ಮೊದಮೊದಲು ಪಾವ್ ಭಾಜಿ ತಿನ್ನಲು ಬಂದವರಿಗೆ ಐಸ್‌ಕ್ರೀಮಿನ ರುಚಿ ಹತ್ತಿಸಿ, ಮುಂದೆ ಎಳನೀರಿನ ಐಸ್‌ಕ್ರೀಮನ್ನು ದೇಶಕ್ಕೆಲ್ಲ ಪರಿಚಯಿಸಿದ ಅವರು 2024ರಲ್ಲಿ ತೀರಿಕೊಂಡರು. ಊರು ಬಿಟ್ಟು ಹೋದವರು ಊರಿನ ಹಣ್ಣಿನ ತಿಳಿವಳಿಕೆಯನ್ನು ಜೊತೆಗೆ ಕೊಂಡೊಯ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಹಂಬಲ ನಮ್ಮೊಬ್ಬರದೇ ಅಲ್ಲ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಉಟ್ಕೂರು, ಮಕ್ತಲ್ ಕಡೆಗೂ, ಪಕ್ಕದ ಗದ್ವಾಲ ಸೀಮೆಗೂ ಒಮ್ಮೆ ನೋಟ ಹರಿಸೋಣ. ಅಲ್ಲಿಯೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಕುಟುಂಬಗಳಿವೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನವೇ ಅವರು ಆಂಧ್ರಕ್ಕೆ ಸೇರಿದರು, 2014ರಲ್ಲಿ ತೆಲಂಗಾಣದವರಾದರು. ಗದ್ವಾಲವಂತೂ ಅದಕ್ಕೆ ಮೊದಲು ರಾಯಚೂರು ಜಿಲ್ಲೆಯಲ್ಲೇ ಇತ್ತು. ಮಳೆ ಕಡಿಮೆಯಾದ ಆ ಸೀಮೆಯಿಂದ ದುಡಿಮೆಗಾಗಿ ಹೈದರಾಬಾದು, ಮುಂಬಯಿ, ಪುಣೆಗಳಿಗೆ ವಲಸೆ ಹೋಗುವುದು ಬಹುಕಾಲದ ಪಾಡು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಆ ಬಯಲು ನಾಡಿನವರಿಗೆ ತಂಪೆಂದರೆ ಕುಲ್ಫಿ. ನಮ್ಮವರು ದುಬಾಯಿಯಲ್ಲಿ ಗಡ್‌ಬಡ್ ನೆನೆದಂತೆ ಅವರು ಪರಸ್ಥಳದಲ್ಲಿ ಊರ ಸಂತೆಯ ಕುಲ್ಫಿಯನ್ನು ನೆನೆದರೆ ಆಶ್ಚರ್ಯವಿಲ್ಲ.

ಆ ಕುಲ್ಫಿಯಿಂದ ನಾವು ಕಲಿಯತಕ್ಕದ್ದೂ ಇದೆ. ಅದಕ್ಕೆ ಯಂತ್ರ ಬೇಡ, ಕಡೆಯುವ ಕೆಲಸ ಬೇಡ. ಎರಡು ಲೀಟರು ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಅಂಚಿಗೆ ಕಟ್ಟುವ ಕೆನೆಯನ್ನು ಮತ್ತೆ ಮತ್ತೆ ಹಾಲಿಗೇ ಸೇರಿಸುತ್ತಾ ಒಂದು ಲೀಟರಿಗಿಂತ ಕಡಿಮೆಯಾಗುವವರೆಗೆ ಬತ್ತಿಸಬೇಕು. ಸಕ್ಕರೆ, ಏಲಕ್ಕಿ, ಪಿಸ್ತಾ ಸೇರಿಸಿ, ಆರಿದ ಮೇಲೆ ಸ್ಟೀಲಿನ ಲೋಟಗಳಿಗೆ ಹೊಯ್ದು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಮುಗಿಯಿತು. ಹಾಲಿನ ನೀರು ಮೊದಲೇ ಇಂಗಿರುವುದರಿಂದ ಮಂಜಿನ ಹರಳು ದೊಡ್ಡದಾಗದೆ ಕುಲ್ಫಿ ನುಣುಪಾಗಿ ಬರುತ್ತದೆ.

ನಮ್ಮ ಎಳನೀರಿನ ಐಸ್‌ಕ್ರೀಮೂ ಕಷ್ಟದ್ದಲ್ಲ. ಬೊಂಡದ ಎಳೆ ತಿರುಳಿನ ಅರ್ಧವನ್ನು ಅರೆದು, ಇನ್ನರ್ಧವನ್ನು ಸಣ್ಣಗೆ ಹೆಚ್ಚಿ, ಕಡೆದ ಕೆನೆಗೂ ಡಬ್ಬಿಯ ಸಿಹಿ ಹಾಲಿಗೂ ಬೆರೆಸಿ ಗಟ್ಟಿಯಾಗಲು ಬಿಡಬೇಕು. ನಡುವೆ ಎರಡು ಮೂರು ಬಾರಿ ಹೊರತೆಗೆದು ಕಲಕಿದರೆ ಹರಳು ಒಡೆಯುತ್ತದೆ. ಗಡ್‌ಬಡ್ಡಿಗಂತೂ ಜೋಡಿಸುವ ಕೈಯೊಂದಿದ್ದರೆ ಸಾಕು. ಜೆಲ್ಲಿ, ಹೆಚ್ಚಿದ ಹಣ್ಣು, ಎರಡು ಮೂರು ಬಗೆಯ ಐಸ್‌ಕ್ರೀಂ, ಮೇಲೆ ಗೋಡಂಬಿ. ಇದಕ್ಕೆ ಬೇಕಾದ ಸಾಮಾನು ಕೊಲ್ಲಿಯ ಪೇಟೆಗಳಲ್ಲಿ ಸಿಗುತ್ತದೆ. ಸಿಗದಿರುವುದು ಮಾಡುವ ವಿಧಾನ ಮಾತ್ರ.

ಅಂಗಡಿಯಿಂದ ತರುವವರಿಗೂ ಒಂದು ಮಾತು. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಿ. ನಮ್ಮ ದೇಶದ ನಿಯಮದಂತೆ ಐಸ್‌ಕ್ರೀಂ ಎನಿಸಿಕೊಳ್ಳಲು ಹಾಲಿನ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ 10ರಷ್ಟಾದರೂ ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿದ್ದನ್ನು ಫ್ರೋಝನ್ ಡೆಸರ್ಟ್ ಎಂದು ನಮೂದಿಸತಕ್ಕದ್ದು. ತಿನ್ನಲು ಅದೇನೂ ವಿಷವಲ್ಲ. ಆದರೆ ಊರಿನ ರುಚಿಯೆಂದು ಹೆಚ್ಚು ದುಡ್ಡು ತೆತ್ತು ಎಣ್ಣೆಯ ರುಚಿಯನ್ನು ಮಕ್ಕಳಿಗೆ ಕಲಿಸುವುದು ಬೇಡ.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರೋಣ. ಪರದೇಶದಲ್ಲಿರುವ ನಮ್ಮವರೆಲ್ಲರಿಗೂ ಅಡಿಗೆಮನೆ, ಫ್ರೀಜರುಗಳ ಭಾಗ್ಯವಿಲ್ಲ. ಸಂಸಾರ ಸಮೇತ ಇರುವವರು ಒಂದು ಕಡೆಯಾದರೆ, ಹಲವರು ಸೇರಿ ಒಂದೇ ಕೋಣೆಯಲ್ಲಿ ಮಲಗಿ ಎದ್ದು ದುಡಿಯುವವರು ಇನ್ನೊಂದು ಕಡೆ. ಇಲ್ಲಿಯ ಮನೆಯ ಮಾಡು, ತಂಗಿಯ ಮದುವೆ, ತಮ್ಮನ ಕಾಲೇಜು ನಡೆಯುವುದು ಹೆಚ್ಚಾಗಿ ಈ ಎರಡನೆಯವರ ಬೆವರಿನಿಂದ. ಊರಿನ ತಂಪು ಯಾರಿಗಾದರೂ ಸಲ್ಲಬೇಕಾದರೆ ಮೊದಲು ಅವರಿಗೆ ಸಲ್ಲಬೇಕು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೂ ಹಬ್ಬಕ್ಕೂ ಸಭೆ ಸೇರಿಸುತ್ತವೆ, ಭಾಷಣ ಏರ್ಪಡಿಸುತ್ತವೆ. ಅದರೊಂದಿಗೆ ವರ್ಷಕ್ಕೊಂದು ದಿನ ಕಾರ್ಮಿಕರ ವಸತಿಯಲ್ಲಿರುವ ನಮ್ಮ ಹುಡುಗರನ್ನು ಕರೆದು, ಅವರೊಂದಿಗೆ ಕೂಡಿ ಗಡ್‌ಬಡ್ ಮಾಡಿ ಹಂಚಬಾರದೇಕೆ? ಸಭಾಂಗಣದಲ್ಲಿ ಫ್ರೀಜರ್ ಇಲ್ಲವೆಂಬ ನೆಪವೂ ಬೇಡ. ಮೂರು ಪಾಲು ಮಂಜುಗಡ್ಡೆಯ ಪುಡಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿದರೆ ತಂಪು ಸೊನ್ನೆಗಿಂತ 15-20 ಡಿಗ್ರಿ ಕೆಳಗಿಳಿಯುತ್ತದೆ. ಮುಚ್ಚಳ ಬಿಗಿಯಾದ ಪಾತ್ರೆಯನ್ನು ಅದರಲ್ಲಿ ಹೂತಿಟ್ಟು ತಿರುಗಿಸುತ್ತಿದ್ದರೆ ಹಾಲು ಗಟ್ಟಿಯಾಗುತ್ತದೆ. ವಿದ್ಯುತ್ತು ಬರುವ ಮೊದಲೂ ಜನ ಐಸ್‌ಕ್ರೀಂ ತಿಂದದ್ದು ಹೀಗೆಯೇ.

ಮಕ್ಕಳನ್ನೂ ಈ ಕೆಲಸಕ್ಕೆ ಹಚ್ಚಬೇಕು. "ಹಾಲು ಬತ್ತಿತೇ ನೋಡು", "ಕೆನೆ ಬಳಿದು ಹಾಕು", "ಬೊಂಡದ ತಿರುಳು ಹೆಚ್ಚು" ಎಂಬ ಮಾತುಗಳು ಪಾಠ ಪುಸ್ತಕದಲ್ಲಿ ಸಿಗುವಂಥವಲ್ಲ. ಒಲೆಯ ಬಳಿ ನಿಂತಾಗಲೇ ಅವು ಕಿವಿಗೆ ಬಿದ್ದು ನಾಲಗೆಯಲ್ಲಿ ಉಳಿಯುತ್ತವೆ. ಊರಿನಲ್ಲಿರುವ ಹಿರಿಯರೂ ತಮ್ಮ ಮನೆಯ ಮಾಡುವ ಕ್ರಮವನ್ನು ಅಳತೆಸಹಿತ ಕನ್ನಡದಲ್ಲೇ ಬರೆದು, ಮುಂದಿನ ಬಾರಿ ಹೊರಡುವವರ ಪೆಟ್ಟಿಗೆಯಲ್ಲಿ ಹಪ್ಪಳದ ಕಟ್ಟಿನ ಜೊತೆಗೆ ಇಡಲಿ. ಆ ಕಾಗದಕ್ಕೆ ತೂಕವಿಲ್ಲ. ದಾರಿಯಲ್ಲಿ ಅದು ಕರಗುವುದೂ ಇಲ್ಲ.