ಬಾಯಿಯ ಸ್ಕ್ಯಾನರ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ವಕ್ರದಂತ ಚಿಕಿತ್ಸೆ, ಜನರ ಮಾತಿನಲ್ಲಿ ಹೇಳುವುದಾದರೆ ಹಲ್ಲಿಗೆ ಕ್ಲಿಪ್ ಹಾಕಿಸುವುದು, ಈಗ ದೊಡ್ಡ ನಗರಗಳ ಬಾಬತ್ತಾಗಿ ಉಳಿದಿಲ್ಲ. ನಿಡಗುಂದಿಯವರಿಗೆ ಒಂದು ಕಡೆ ವಿಜಯಪುರ, ಕೃಷ್ಣೆಯಾಚೆ ಬಾಗಲಕೋಟೆ. ಎರಡೂ ಊರುಗಳಲ್ಲಿ ದಂತ ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಆದರೆ ಈ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ ನಡೆಯುವಂಥದು. ಪ್ರತಿಯೊಂದು ಭೇಟಿಗೂ ಬಸ್ಸಿನ ಖರ್ಚು, ಮಗುವಿನ ಪಾಠ, ಅಂಗಡಿಯ ಒಂದು ದಿನದ ವಹಿವಾಟು ಹೋಗುತ್ತದೆ. ಬಾಯಿಯೊಳಗಿನ ಡಿಜಿಟಲ್ ಸ್ಕ್ಯಾನರನ್ನು ಈ ತಕ್ಕಡಿಯಲ್ಲಿಟ್ಟು ತೂಗಬೇಕೇ ಹೊರತು ಅದರ ಹೊಳಪನ್ನು ನೋಡಿ ಅಲ್ಲ.

ಹಳೆಯ ಪದ್ಧತಿಯಲ್ಲಿ ಕಡಲಪಾಚಿಯಿಂದ ತಯಾರಾದ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಟ್ರೇಯಲ್ಲಿ ತುಂಬಿ ಬಾಯಿಗಿಟ್ಟು ಅಳತೆ ತೆಗೆಯುತ್ತಾರೆ. ಎಷ್ಟೋ ಮಕ್ಕಳಿಗೆ ಅದರಿಂದ ಓಕರಿಕೆ. ನೀರಾರಿದಂತೆ ಅಚ್ಚು ಕುಗ್ಗುವುದರಿಂದ ಬೇಗನೆ ಪ್ಲಾಸ್ಟರ್ ಸುರಿಯಬೇಕು. ಬಳಿಕ ಪ್ಲಾಸ್ಟರಿನ ಮಾದರಿಯನ್ನು ಜೋಪಾನವಾಗಿ ಲ್ಯಾಬಿಗೆ ಕಳುಹಿಸಬೇಕು. ಹಾದಿಯಲ್ಲಿ ಒಂದು ಹಲ್ಲು ಮುರಿದರೂ ರೋಗಿಯನ್ನು ಮತ್ತೆ ಕರೆಸಬೇಕು. ಸ್ಕ್ಯಾನರಿನಲ್ಲಿ ತಪ್ಪಾದ ಭಾಗ ಆಗಲೇ ಪರದೆಯ ಮೇಲೆ ಕಾಣುತ್ತದೆ, ಅಷ್ಟನ್ನೇ ಮತ್ತೆ ತೆಗೆದರಾಯಿತು. ಕಡತ ನಿಮಿಷಗಳಲ್ಲಿ ಲ್ಯಾಬು ತಲುಪುತ್ತದೆ. ಚಿಕಿತ್ಸೆ ಮುಗಿದ ಮೇಲೆ ಧರಿಸುವ ರಿಟೇನರ್ ಕಳೆದುಹೋದರೆ, ಹಲ್ಲುಗಳು ಸರಿದಿರದ ಪಕ್ಷದಲ್ಲಿ, ಕಾಯ್ದಿಟ್ಟ ಕಡತದಿಂದಲೇ ಮತ್ತೊಂದನ್ನು ಮಾಡಬಹುದು.

ಇಷ್ಟಾದರೂ ವೆಚ್ಚದ ಪ್ರಶ್ನೆ ಉಳಿಯುತ್ತದೆ. ಉಪಕರಣದ ಬೆಲೆ ಲಕ್ಷಗಳಲ್ಲಿದೆ. ವೈದ್ಯಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವ ಕಾರಣ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ವ್ಯಾಪಾರಿಯಂತೆ ಹೊಂದಾಣಿಕೆ ಮಾಡಿಕೊಳ್ಳಲು ವೈದ್ಯರಿಗೆ ಅವಕಾಶವಿಲ್ಲ. ಅದು ನೇರವಾಗಿ ವೆಚ್ಚಕ್ಕೆ ಸೇರಿ ಕೊನೆಗೆ ರೋಗಿಯ ಬಿಲ್ಲಿಗೆ ಬರುತ್ತದೆ. ಮೇಲಾಗಿ ತಂತಿ-ಬ್ರ್ಯಾಕೆಟ್ಟಿನ ಸಾಮಾನ್ಯ ಕ್ಲಿಪ್ ಚಿಕಿತ್ಸೆ ಸ್ಕ್ಯಾನರ್ ಇಲ್ಲದೆಯೂ ಚೆನ್ನಾಗಿಯೇ ನಡೆಯುತ್ತದೆ. ಪಾರದರ್ಶಕ ಅಲೈನರ್, ರಿಟೇನರ್ ಮುಂತಾದ ಲ್ಯಾಬಿನ ಕೆಲಸ ಹೆಚ್ಚಿರುವಲ್ಲಿ ಮಾತ್ರ ಅದು ತನ್ನ ಬೆಲೆಯನ್ನು ದುಡಿಯುತ್ತದೆ. ತಾಲೂಕು ಊರಿನ ಒಂದೇ ಚಿಕಿತ್ಸಾಲಯ ಸಾಲ ಮಾಡಿ ಕೊಳ್ಳುವುದು ಜಾಣತನವಲ್ಲ. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ದಂತವೈದ್ಯರು ಕೂಡಿ ಒಂದನ್ನು ಕೊಂಡು, ತಜ್ಞರು ಭೇಟಿ ನೀಡುವ ದಿನಗಳಿಗೆ ತಕ್ಕಂತೆ ಊರಿಂದ ಊರಿಗೆ ಒಯ್ಯಬಹುದು. ಲ್ಯಾಪ್‌ಟಾಪಿಗೆ ಜೋಡಿಸುವ ಮಾದರಿಗಳು ಇದಕ್ಕೆ ಅನುಕೂಲ. ಬಾಯಿಗೆ ತಾಗುವ ತುದಿಯನ್ನು ಪ್ರತಿ ರೋಗಿಗೂ ಬದಲಿಸಬೇಕಾದುದರಿಂದ ಹೆಚ್ಚುವರಿ ತುದಿಗಳ ಖರ್ಚನ್ನು ಮರೆಯಬಾರದು.

ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಚಿಕಿತ್ಸೆಯಾಗದು. ಗ್ರಾಹಕರ ಬಾಯಿಯ ಅಚ್ಚನ್ನು ಅಂಚೆಯಲ್ಲಿ ತರಿಸಿಕೊಂಡು ಅಥವಾ ಮಳಿಗೆಯಲ್ಲಿ ಸ್ಕ್ಯಾನ್ ಮಾಡಿ, ಮನೆಗೇ ಅಲೈನರ್ ಕಳುಹಿಸುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಅರ್ಧ ಚಿಕಿತ್ಸೆಯಲ್ಲಿದ್ದವರು ಬೇರೆ ವೈದ್ಯರನ್ನು ಹುಡುಕಿಕೊಳ್ಳಬೇಕಾಯಿತು. ಎದುರಿಗೆ ಕುಳಿತು ಪರೀಕ್ಷಿಸುವ ತಜ್ಞರಿಲ್ಲದ ವ್ಯವಹಾರಕ್ಕೆ ಅಗ್ಗದ ದರವೊಂದೇ ಆಧಾರವಾಗಲಾರದು.

ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದುದು ಲ್ಯಾಬುಗಳ ಗತಿಯನ್ನು. ತಂತಿ ಬಾಗಿಸುವ, ಅಕ್ರಿಲಿಕ್ ಪ್ಲೇಟ್ ಮಾಡುವ ಕುಶಲಿಗಳನ್ನು 1948ರ ದಂತವೈದ್ಯರ ಕಾಯಿದೆಯೇ ಡೆಂಟಲ್ ಮೆಕ್ಯಾನಿಕ್ ಎಂದು ಗುರುತಿಸಿತು. ಪ್ಲಾಸ್ಟರಿನ ಮಾದರಿಗೆ ಹತ್ತಿರದ ಲ್ಯಾಬೇ ಬೇಕಾಗಿತ್ತು. ಕಡತಕ್ಕೆ ಬೆಂಗಳೂರೂ ಒಂದೇ, ಮುಂಬಯಿಯೂ ಒಂದೇ. ಆದರೆ ಅಲೈನರ್ ತಯಾರಿಕೆಯ ಮೂಲ ಕ್ರಮ ನಿಗೂಢವೇನಲ್ಲ: ಪ್ರತಿ ಹಂತದ ಹಲ್ಲಿನ ಮಾದರಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಒತ್ತಿ, ಅಂಚು ಕತ್ತರಿಸಿ ನಯಗೊಳಿಸುವುದು. ಅಚ್ಚಿನ ಕೆಲಸ ಬಲ್ಲವರಿಗೆ ಇದು ಕಲಿಯಬಹುದಾದ ವಿದ್ಯೆ. ತಜ್ಞರ ಯೋಜನೆ, ಅಂಗೀಕೃತ ಹಾಳೆ ಮತ್ತು 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ತಿಳಿವಳಿಕೆ ಜೊತೆಗಿರಬೇಕು, ಅಷ್ಟೆ.

ಆ ಕೆಲಸ ಇಲ್ಲಿ ಉಳಿಯಬೇಕಾದರೆ ಕಡತವು ಯಾವ ಲ್ಯಾಬಿನಲ್ಲಿಯೂ ತೆರೆಯುವಂತಿರಬೇಕು. ಎಸ್.ಟಿ.ಎಲ್. ಎಂಬ ನಮೂನೆ ಸರ್ವಮಾನ್ಯವಾದುದು. ಅದನ್ನು ಹೆಚ್ಚಿನ ಶುಲ್ಕವಿಲ್ಲದೆ ಹೊರತೆಗೆಯಬಹುದೇ, ವಾರ್ಷಿಕ ಚಂದಾ ನಿಲ್ಲಿಸಿದರೆ ಹಳೆಯ ಕಡತಗಳು ಕೈಗೆ ಸಿಗುತ್ತವೆಯೇ ಎಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಿಜಯಪುರದ ಅಥವಾ ಬಾಗಲಕೋಟೆಯ ಲ್ಯಾಬೊಂದಕ್ಕೆ ಒಂದು ಕಡತವನ್ನು ಕಳುಹಿಸಿ, ಅಲ್ಲಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳುವುದಕ್ಕೆ ಅರ್ಧ ದಿನವೂ ಬೇಕಾಗದು.