ಕೋವಿಯ ದುರ್ಬೀನು: ದೊಡ್ಡದೆಲ್ಲ ಒಳ್ಳೆಯದಲ್ಲ

ಕಾಡುಹಂದಿಯ ಹಾವಳಿಯ ಬಗ್ಗೆ ನಮ್ಮ ಜಿಲ್ಲೆಯ ಕೃಷಿಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮರಗೆಣಸು, ಬಾಳೆ, ಗದ್ದೆಯ ಪೈರು ಯಾವುದನ್ನೂ ಅದು ಬಿಡುವುದಿಲ್ಲ. ಒಂದು ರಾತ್ರಿ ಕಳೆಯುವುದರೊಳಗೆ ಆರು ತಿಂಗಳ ದುಡಿಮೆ ಮಣ್ಣುಪಾಲು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಉಪಟಳ ಕೊಡುವ ಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ ಇವುಗಳನ್ನು ಬಳಸಕೂಡದೆಂದೂ ವಿಧಿಸಿತು. ಆದುದರಿಂದ ಪರವಾನಿಗೆಯುಳ್ಳ ಕೋವಿದಾರರ ಮೇಲೆ ದೊಡ್ಡ ಹೊಣೆಯೇ ಬಿದ್ದಿದೆ.

ಹನ್ನೆರಡು ಬೋರಿನ ತೋಟೆಕೋವಿಗೆ ಮೂತಿಯ ಮಣಿಯೇ ಸಾಕು. ಅದರ ಮಾತು ಇಲ್ಲಿ ಬೇಡ. ಆದರೆ ಬೋಲ್ಟ್ ಆ್ಯಕ್ಷನ್ ರೈಫಲ್ ಇದ್ದವರ ವಿಚಾರ ಬೇರೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಗುಂಡು ಜನರ ಕೈಗೆ ಸಿಗಬಾರದೆಂದು ನಾಗರಿಕರಿಗಾಗಿ ಬಳಕೆಗೆ ಬಂದ .315 ರೈಫಲ್ ಇಂದಿಗೂ ನಮ್ಮ ದೇಶದ ಸರಕಾರಿ ಕಾರ್ಖಾನೆಗಳ ಹೆಸರಿನೊಂದಿಗೇ ಗುರುತಿಸಲ್ಪಡುವ ಆಯುಧ. ಇಂಥದಕ್ಕೆ ದುರ್ಬೀನು, ಅಂದರೆ ಸ್ಕೋಪು, ಕೂರಿಸಬೇಕೆಂಬ ಆಸೆ ಈಗ ಹೆಚ್ಚುತ್ತಿದೆ. ಹನ್ನೆರಡು ಪಟ್ಟು, ಹದಿನಾರು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪೇ ಶ್ರೇಷ್ಠವೆಂಬ ನಂಬಿಕೆಯೂ ಅದರ ಜತೆಗೇ ಬಂದಿದೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ನಮ್ಮಂಥ ಊರಿನಲ್ಲಿ ಅಪಾಯಕಾರಿಯೂ ಹೌದು ಎಂಬುದು ನನ್ನ ಅಭಿಮತ. ನಾನು ಬೇಟೆಗಾರನಲ್ಲ, ತರಗತಿಯಲ್ಲಿ ಮಸೂರದ ಪಾಠ ಮಾಡುವವನು. ಆದರೆ ಸ್ಕೋಪೆಂಬುದು ಮೊದಲಿಗೆ ಮಸೂರ, ಆಮೇಲೆ ಕೋವಿಯ ಭಾಗ.

ಲೆಕ್ಕ ಸರಳವಾಗಿದೆ. ನಾಲ್ಕು ಪಟ್ಟಿನ ಸ್ಕೋಪಿನಲ್ಲಿ ನೂರು ಮೀಟರು ದೂರದಲ್ಲಿ ಸುಮಾರು ಒಂಬತ್ತು–ಹತ್ತು ಮೀಟರು ಅಗಲದ ನೋಟ ಸಿಗುತ್ತದೆ. ಹನ್ನೆರಡು ಪಟ್ಟಿಗೆ ಏರಿಸಿದರೆ ಅದು ಮೂರು ಮೀಟರಿನಷ್ಟಕ್ಕೆ ಕುಗ್ಗುತ್ತದೆ. ತೋಟದ ಬದಿಯಲ್ಲಿ ಮೂವತ್ತು ಮೀಟರು ದೂರದ ಹಂದಿಯನ್ನು ಈ ಹನ್ನೆರಡು ಪಟ್ಟಿನ ಸ್ಕೋಪಿನಲ್ಲಿ ನೋಡಿದರೆ ಕಾಣುವುದು ಒಂದು ಮೀಟರಿಗೂ ಕಡಿಮೆ. ಅಂದರೆ ಇಡೀ ಹಂದಿಯೇ ಅದರೊಳಗೆ ಹಿಡಿಸದು! ಕಪ್ಪು ಕೂದಲು ಕಂಡೀತು. ಅದು ಹೆಗಲೋ ಹಿಂಭಾಗವೋ ತಿಳಿಯದು. ಅದರ ಹಿಂದೆ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದಂತೂ ತಿಳಿಯುವುದೇ ಇಲ್ಲ.

ಎರಡನೆಯದು ಬೆಳಕು. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 32 ಮಿಲಿಮೀಟರಿನ ಮಸೂರ, ನಾಲ್ಕು ಪಟ್ಟು ಆದರೆ 8 ಮಿಲಿಮೀಟರು. 40ರ ಮಸೂರ, ಹನ್ನೆರಡು ಪಟ್ಟು ಆದರೆ ಬರೇ 3.3. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನಷ್ಟು ಅರಳುತ್ತದೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಹಂದಿ ಬರುವುದು ಮುಸ್ಸಂಜೆಗೆ, ರಾತ್ರಿಗೆ. ಆ ಹೊತ್ತಿನಲ್ಲಿ ಹೆಚ್ಚು ವರ್ಧನೆಯೆಂದರೆ ಹೆಚ್ಚು ಕತ್ತಲೆ. ಆದುದರಿಂದ ನಾಲ್ಕು ಪಟ್ಟಿನ ಸ್ಥಿರ ಸ್ಕೋಪು, ಅಥವಾ ಒಂದೂವರೆಯಿಂದ ಆರರವರೆಗೆ ಬದಲಿಸಬಹುದಾದ ಸ್ಕೋಪು ಇಲ್ಲಿನ ಅಗತ್ಯಕ್ಕೆ ಧಾರಾಳ.

ಇನ್ನು ರೆಟಿಕಲ್, ಎಂದರೆ ಒಳಗಿನ ಗುರಿಗೆರೆ. 1640ರ ಹೊತ್ತಿಗೆ ಇಂಗ್ಲೆಂಡಿನ ಖಗೋಳ ವೀಕ್ಷಕ ವಿಲಿಯಂ ಗ್ಯಾಸ್ಕೋಯ್ನ್ ದೂರದರ್ಶಕದೊಳಗೆ ಗುರಿಗೆರೆಯ ಉಪಾಯ ಕಂಡುಕೊಂಡಾಗ ಬೇಕಾಗಿದ್ದುದು ನಕ್ಷತ್ರದ ಮೇಲೆ ಒಂದು ಗುರುತು ಮಾತ್ರ. ಇಂದು ಅಂಗಡಿಯಲ್ಲಿ ಸಿಗುವ ಕೆಲವು ಸ್ಕೋಪುಗಳ ಒಳಗೆ ಚುಕ್ಕೆ, ಗೀಟು, ಅಂಕೆಗಳಿಂದ ಕೂಡಿದ ಒಂದು ಕ್ರಿಸ್‌ಮಸ್ ಮರವೇ ಇರುತ್ತದೆ. ಅವು ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಒಂದು ಮಿಲ್ ಎಂದರೆ ನೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರು. ಈ ಲೆಕ್ಕದಿಂದ ದೂರ ಅಳೆದು ಐನೂರು, ಆರುನೂರು ಮೀಟರಿಗೆ ಹೊಡೆಯುವ ಸೈನಿಕನಿಗೂ ಸ್ಪರ್ಧಾಳುವಿಗೂ ಅವು ಬೇಕು. ವರ್ಧನೆ ಬದಲಿಸಿದಾಗ ಗೆರೆಯೂ ಹಿಗ್ಗುವ ಸ್ಕೋಪುಗಳಲ್ಲಿ ಈ ಲೆಕ್ಕ ಎಂದೂ ಸರಿ. ಗೆರೆ ಹಿಗ್ಗದ ಸ್ಕೋಪುಗಳಲ್ಲಿ ಒಂದು ನಿಗದಿತ ವರ್ಧನೆಯಲ್ಲಿ ಮಾತ್ರ ಸರಿ. ಇಷ್ಟೆಲ್ಲ ಗಣಿತವನ್ನು ಕತ್ತಲಲ್ಲಿ, ಓಡಲು ಸಿದ್ಧವಾದ ಹಂದಿಯೆದುರು ಯಾರು ಮಾಡಬಲ್ಲರು? ನೂರು ಮೀಟರಿಗೆ ಗುರಿ ಹೊಂದಿಸಿದ ರೈಫಲಿನ ಗುಂಡು ಅದರೊಳಗಿನ ದೂರದಲ್ಲಿ ಕೆಲವು ಸೆಂಟಿಮೀಟರು ಮಾತ್ರ ಆಚೀಚೆಯಾಗುತ್ತದೆ. ಅದಕ್ಕೆ ಅಳತೆಯ ಗೀಟು ಯಾಕೆ?

ಅಂಚಿನಲ್ಲಿ ದಪ್ಪವಾಗಿದ್ದು ನಡುವಿನಲ್ಲಿ ಸಪೂರವಾಗುವ ಗೆರೆ, ಅಮೆರಿಕದ ಲ್ಯೂಪೋಲ್ಡ್ ಕಂಪೆನಿ 1962ರಲ್ಲಿ ತಂದ ಡ್ಯೂಪ್ಲೆಕ್ಸ್, ನಮಗೆ ಹೇಳಿಸಿದಂತಿದೆ. ಜರ್ಮನಿಯ ನಾಲ್ಕನೇ ನಂಬ್ರದ ಗುರಿಗೆರೆಯೂ ಇದೇ ಜಾತಿಯದು. ಸಪೂರ ಗೆರೆ ಕತ್ತಲಲ್ಲಿ ಮಾಯವಾದರೂ ದಪ್ಪ ಕಂಬಗಳು ಕಣ್ಣನ್ನು ನಡುವಿಗೆ ತರುತ್ತವೆ. ಕಪ್ಪು ಹಂದಿಯ ಮೇಲೆ ಕಪ್ಪು ಗೆರೆ ಕಾಣದೆಂಬ ಆಕ್ಷೇಪ ಸರಿಯೇ. ಅದಕ್ಕೆ ನಡುವೆ ಸಣ್ಣದೊಂದು ಕೆಂಪು ಬೆಳಕಿನ ಚುಕ್ಕೆ ಇದ್ದರೆ ಒಳಿತು. ಆದರೆ ಆ ಬೆಳಕನ್ನು ಆದಷ್ಟು ತಗ್ಗಿಸಿಡಬೇಕು, ಇಲ್ಲವಾದರೆ ಚುಕ್ಕೆ ಬಿಟ್ಟು ಮತ್ತೇನೂ ಕಾಣದು.

ಕೂರಿಸುವ ಕೆಲಸವೂ ಸಣ್ಣದಲ್ಲ. ಬೋಲ್ಟಿನ ಹಿಡಿ ಮೇಲೆತ್ತುವಾಗ ಸ್ಕೋಪಿಗೆ ತಾಗಬಾರದು. ಕಣ್ಣಿಗೂ ಸ್ಕೋಪಿಗೂ ನಡುವೆ ಎಂಟು–ಹತ್ತು ಸೆಂಟಿಮೀಟರು ಅಂತರ ಬೇಕು. ಇಲ್ಲದಿದ್ದರೆ ಕೋವಿಯ ಒದೆತಕ್ಕೆ ಹುಬ್ಬು ಸೀಳುತ್ತದೆ. ಸ್ಕೋಪಿನ ನೋಟ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರು ಮೇಲಿರುತ್ತದೆ. ಮುರಕಲ್ಲಿನ ಗೋಡೆಯ ಮರೆಯಲ್ಲಿ ನಿಂತು ನೋಡಿದರೆ ಸ್ಕೋಪಿನಲ್ಲಿ ದಾರಿ ತೆರವಾಗಿ ಕಾಣಬಹುದು, ಗುಂಡು ಮಾತ್ರ ಗೋಡೆಗೇ ಬಡಿದು ಎತ್ತಲೋ ಸಿಡಿಯಬಹುದು.

ಇಲ್ಲಿಗೇ ನಾನು ಬರಬೇಕಾಗಿದ್ದುದು. ನಮ್ಮದು ಮನೆಯಿಂದ ಮನೆಗೆ ಕೂಗಿದರೆ ಕೇಳಿಸುವ ಊರು. ರೈಫಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲುದು. ರಬ್ಬರು ಟ್ಯಾಪಿಂಗಿನವನು ಹಣೆಗೆ ದೀಪ ಕಟ್ಟಿಕೊಂಡು ಬೆಳಗಿನ ಜಾವಕ್ಕೇ ಗುಡ್ಡೆ ಹತ್ತುತ್ತಾನೆ. ತೋಟಕ್ಕೆ ನೀರು ಬಿಡಲು ಹೆಂಗಸರೂ ಹೊತ್ತಲ್ಲದ ಹೊತ್ತಿಗೆ ಹೋಗುತ್ತಾರೆ. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಗುಂಡಿಟ್ಟ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದವರೇ. ಸ್ಕೋಪಿನಲ್ಲಿ ನೋಡಿ 'ಅದು ಏನು' ಎಂದು ಗುರುತಿಸುವ ಅಭ್ಯಾಸವೇ ಕೂಡದು. ಹಾಗೆ ನೋಡುವುದೆಂದರೆ ಗೊತ್ತಿಲ್ಲದ ವಸ್ತುವಿನತ್ತ ಕೋವಿ ತಿರುಗಿಸುವುದೆಂದೇ ಅರ್ಥ. ಗುರುತಿಸಲು ಟಾರ್ಚು, ಬೈನಾಕ್ಯುಲರು ಇವೆ. ಹಿಂದೆ ಮಣ್ಣಿನ ದಿಣ್ಣೆಯಿಲ್ಲದಿದ್ದರೆ, ಬರೇ ಪಾರೆಯೋ ಬಯಲೋ ಇದ್ದರೆ, ಹಂದಿ ಎಷ್ಟು ಚೆನ್ನಾಗಿ ಕಂಡರೂ ಕುದುರೆ ಎಳೆಯಬಾರದು.

ಸ್ಕೋಪಿನ ಹಣದಲ್ಲಿ ಅರ್ಧವನ್ನು ಉಳಿಸಿ ಒಳ್ಳೆಯ ಮೌಂಟಿಗೆ, ಅಭ್ಯಾಸಕ್ಕೆ ಖರ್ಚು ಮಾಡುವುದು ಜಾಣತನ. ಕಾಲು ಮಿನಿಟಿನ ಒಂದು ಕ್ಲಿಕ್ಕು ನೂರು ಮೀಟರಿನಲ್ಲಿ ಸುಮಾರು ಏಳು ಮಿಲಿಮೀಟರು ಸರಿಸುತ್ತದೆ. ಆದರೆ ಎಷ್ಟು ಕ್ಲಿಕ್ಕು ತಿರುಗಿಸಬೇಕೆಂದು ತಿಳಿಯಲು ಕಾಗದದ ಗುರಿಗೆ ಗುಂಡು ಹೊಡೆದೇ ನೋಡಬೇಕು. ಪರವಾನಿಗೆಯಲ್ಲಿ ತೋಟೆಗಳಿಗೆ ಮಿತಿಯಿದೆ. ಗುಡ್ಡೆಯಲ್ಲಿ ಮನಬಂದಂತೆ ಹೊಡೆದು ನೋಡುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ. ಆದುದರಿಂದ ಪಂಚಾಯತುಗಳೂ ಜಿಲ್ಲಾಡಳಿತವೂ ಕೂಡಿ, ಪಟ್ಟಿಯಲ್ಲಿರುವ ಪ್ರತಿಯೊಂದು ಕೋವಿಯನ್ನು ವರ್ಷಕ್ಕೊಮ್ಮೆ ಪೋಲೀಸರ ಮೇಲ್ವಿಚಾರಣೆಯಲ್ಲಿ, ಸರಿಯಾದ ಗುರಿಯಭ್ಯಾಸದ ಜಾಗದಲ್ಲಿ ಪರೀಕ್ಷಿಸುವ ಏರ್ಪಾಡು ಮಾಡಬೇಕು. ಐವತ್ತು ಮೀಟರಿನಲ್ಲಿ ಮೂರು ಗುಂಡುಗಳನ್ನು ಒಂದು ತಟ್ಟೆಯೊಳಗೆ ಇಡಲಾರದವನಿಗೆ ಎಂಥ ಸ್ಕೋಪು ಇದ್ದರೂ ಅನುಮತಿ ಕೊಡಬಾರದು. ಈ ಸುರಕ್ಷಾ ಸೂಚನೆಗಳು ಮಲಯಾಳದ ಜತೆಗೆ ಕನ್ನಡದಲ್ಲಿಯೂ ಅಚ್ಚಾಗಿ ಕೋವಿದಾರರ ಕೈಸೇರಬೇಕು. ಅರ್ಧ ತಿಳಿದ ಸೂಚನೆ ತಿಳಿಯದ ಸೂಚನೆಗಿಂತ ಕೆಟ್ಟದ್ದು.

ಬೆಳೆ ಉಳಿಯಬೇಕು, ನಿಜ. ಹೋದ ಬೆಳೆಯನ್ನು ಮುಂದಿನ ಮಳೆಗಾಲದಲ್ಲಿ ಮತ್ತೆ ಬೆಳೆಯಬಹುದು. ಕತ್ತಲಲ್ಲಿ ತಪ್ಪಿ ಹೋದ ಗುಂಡನ್ನು ಮಾತ್ರ ಯಾವ ಪಂಚಾಯತೂ ಹಿಂದಕ್ಕೆ ಕರೆಯಲಾರದು.